ಅಂತರ್ಜಾಲದ ಗ್ರಂಥಗಳೂ ಕನ್ನಡಿಗರ ಆಲಸ್ಯವೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ವಿದ್ಯಾರ್ಥಿಯೊಬ್ಬನ ಕೈಯಲ್ಲಿ ಮೊಬೈಲೊಂದಿದ್ದರೆ, 1764ರ ವಾಲ್‌ಪೋಲನ 'ಕ್ಯಾಸಲ್ ಆಫ್ ಒಟ್ರಾಂಟೋ', 1818ರ ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್', 1897ರ ಸ್ಟೋಕರನ 'ಡ್ರಾಕುಲಾ' ಇವೆಲ್ಲವನ್ನೂ ಕ್ರಯವಿಲ್ಲದೆ ಓದಬಹುದು. ಗಾಥಿಕ್ ಎಂದು ಪ್ರಸಿದ್ಧವಾದ ಈ ಭಯಂಕರ ಕಥೆಗಳನ್ನು ಹುಡುಗರು ಓದುವರೆಂದು ಕೆಲವರು ಹಿರಿಯರು ಹಲುಬುತ್ತಿರುವರು. ಈ ಹಲುಬಾಟದಲ್ಲಿ ಹುರುಳಿಲ್ಲ.

ಭಯಾನಕವೂ ಬೀಭತ್ಸವೂ ಭರತಮುನಿಯು ಎಣಿಸಿದ ರಸಗಳೇ ಆಗಿವೆ. 'ಮಾಲತೀಮಾಧವ'ದ ಐದನೆಯ ಅಂಕದಲ್ಲಿ ಮಾಧವನು ಸ್ಮಶಾನದಲ್ಲಿ ನರಮಾಂಸವನ್ನು ಮಾರಹೊರಡುವನು. ಅಘೋರಘಂಟನು ಮಾಲತಿಯನ್ನು ಚಾಮುಂಡೆಗೆ ಬಲಿಗೊಡಲು ಕತ್ತಿಯೆತ್ತುವನು. ವಾಲ್‌ಪೋಲನಿಗಿಂತ ಐದೂವರೆ ಶತಮಾನ ಮೊದಲೇ, 1209ರಲ್ಲಿ, ಜನ್ನನು 'ಯಶೋಧರಚರಿತೆ'ಯಲ್ಲಿ ಚಂಡಮಾರಿಯ ಗುಡಿಗೆ ಎಳೆಯರಿಬ್ಬರನ್ನು ಬಲಿಗೆಂದು ತರಿಸಿ ಓದುಗರ ಎದೆ ನಡುಗಿಸಿದನು; ಆ ನಡುಕದ ಮೂಲಕವೇ ಅಹಿಂಸೆಯನ್ನು ಬೋಧಿಸಿದನು. ಈ ರಸವನ್ನು ಹೀನವೆನ್ನುವವರು ತಮ್ಮ ಪೂರ್ವಕವಿಗಳನ್ನೇ ಅರಿಯರು.

ಹಾಗಾದರೆ ವಿದ್ಯಾರ್ಥಿಯು ಜನ್ನನನ್ನು ಬಿಟ್ಟು ಸ್ಟೋಕರನನ್ನು ಹಿಡಿದುದೇಕೆ? ಸೌಕರ್ಯವೇ ಕಾರಣ. ಅಮೆರಿಕದ ಮೈಕೆಲ್ ಹಾರ್ಟನು 1971ರಲ್ಲಿ ಆರಂಭಿಸಿದ 'ಪ್ರಾಜೆಕ್ಟ್ ಗುಟೆನ್‌ಬರ್ಗ್' ಭಂಡಾರಕ್ಕೆ 2000ದಿಂದೀಚೆಗೆ ಸಾವಿರಾರು ಮಂದಿ ಸಾಮಾನ್ಯ ಓದುಗರು, ಸಂಬಳವಿಲ್ಲದೆ, ಪುಟಪುಟವನ್ನೂ ಮೂಲದೊಡನೆ ಹೋಲಿಸಿ ತಿದ್ದಿಕೊಡುತ್ತಿರುವರು. ಅಲ್ಲಿ ಬೇಕಾದ ಪದವನ್ನು ಹುಡುಕಬಹುದು, ಅಕ್ಷರವನ್ನು ಹಿರಿದಾಗಿಸಬಹುದು. ಹಳೆಯ ಕನ್ನಡ ಗ್ರಂಥಗಳೂ 'ಇಂಟರ್ನೆಟ್ ಆರ್ಕೈವ್'ನಲ್ಲಿ ಹೇರಳವಾಗಿ ದೊರೆಯುವುವು. ಆದರೆ ಅವು ಬಹುಮಟ್ಟಿಗೆ ಪುಟಗಳ ಛಾಯಾಚಿತ್ರಗಳು. ಯಂತ್ರವು ಅವನ್ನು ಓದಹೊರಟರೆ ಒತ್ತಕ್ಷರಗಳಲ್ಲಿ ಎಡವುವುದು, ಱಕಾರ ೞಕಾರಗಳಲ್ಲಿ ದಾರಿತಪ್ಪುವುದು. ತಿದ್ದಲು ಹಳಗನ್ನಡ ಬಲ್ಲ ಮನುಷ್ಯನೇ ಬೇಕು. ಆ ಕಾರ್ಯಕ್ಕೆಂದೇ ಕನ್ನಡ 'ವಿಕಿಸೋರ್ಸ್' ಸರ್ವರಿಗೂ ತೆರೆದಿದೆ. ಕರ್ತೃವೂ ಸಂಪಾದಕನೂ ಗತಿಸಿ 60 ವರ್ಷ ಕಳೆದ ಗ್ರಂಥಕ್ಕೆ ಕಾಯಿದೆಯ ಅಡ್ಡಿಯೂ ಇಲ್ಲ.

ಅಚ್ಚಿನ ಪುಸ್ತಕವಿರುವಾಗ ಈ ಶ್ರಮವೇಕೆಂದು ಕೇಳುವವರುಂಟು. ಓಲೆಯಿರುವಾಗ ಅಚ್ಚೇಕೆಂದು ಶಾಮಶಾಸ್ತ್ರಿಗಳು ಸುಮ್ಮನಿದ್ದಿದ್ದರೆ, ಮೈಸೂರಿನಲ್ಲಿ 1905ರಲ್ಲಿ ಅವರಿಗೆ ದೊರೆತ ಕೌಟಿಲ್ಯನ 'ಅರ್ಥಶಾಸ್ತ್ರ'ವು 1909ರಲ್ಲಿ ಲೋಕದ ಕೈಸೇರುತ್ತಿತ್ತೇ?

ಹುಣಸೂರು ಸೀಮೆಯ ಕಲ್ಲಹಳ್ಳಿಯು 'ಸಮ್ಯಕ್ತ್ವಕೌಮುದಿ'ಯ ಕವಿ ಮೂರನೆಯ ಮಂಗರಸನ ಊರು. ಅವನ ಹೆಸರನ್ನು ಸಭೆಗಳಲ್ಲಿ ಹೊಗಳಿದರೆ ಸಾಲದು. ಈ ನಾಲ್ಕು ತಾಲ್ಲೂಕುಗಳಲ್ಲಿ ನೂರು ವಿದ್ಯಾವಂತ ಕುಟುಂಬಗಳು ದಿನಕ್ಕೊಂದು ಪುಟವನ್ನು ತಿದ್ದಿದರೆ ತಿಂಗಳಿಗೆ 3000 ಪುಟಗಳಾಗುವುವು. ಅಷ್ಟನ್ನೂ ಮಾಡದವರಿಗೆ ಹುಡುಗನ ಕೈಯ ಡ್ರಾಕುಲನನ್ನು ಬೈಯುವ ಅಧಿಕಾರವಿಲ್ಲ.