ಫೋಟೋದ ಬೆನ್ನಿಗೆ ಒಂದು ಹೆಸರು

ಕೂನೂರಿನ ಮಾರ್ಕೆಟ್ ಹತ್ತಿರ ನಮ್ಮದು ಫೋಟೋಗೆ ಕಟ್ಟು ಹಾಕುವ ಅಂಗಡಿ. ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಬಂದು ಶುರುಮಾಡಿದ್ದು. ಮೂವತ್ತು ವರ್ಷಗಳಿಂದ ನಾನು ಕೂತಿದ್ದೇನೆ. ಫೋಟೋದ ಮುಖವನ್ನು ಎಲ್ಲರೂ ನೋಡುತ್ತಾರೆ, ಬೆನ್ನು ನೋಡುವವನು ನಾನೊಬ್ಬನೇ. ನೂರರಲ್ಲಿ ತೊಂಬತ್ತು ಬೆನ್ನುಗಳು ಖಾಲಿ.

ನೀಲಗಿರಿಯ ಬಡಗ ಸಮುದಾಯದ ಹೆತ್ತೆ ಹಬ್ಬದ ಮುಂಚೆ, ಹತ್ತಿರದ ಬಡಗರ ಹಟ್ಟಿಯ ಹುಡುಗನೊಬ್ಬ ಹಳೆಯ ಕಟ್ಟೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದ. ಗಾಜು ಬದಲಾಯಿಸಬೇಕಿತ್ತು. ನಮ್ಮೂರಿನ ಮಂಜು ಗಾಜಿನೊಳಗೂ ಇಳಿಯುತ್ತದೆ. ತೇವಕ್ಕೆ ಫೋಟೋದ ಮೇಲ್ಪದರ ಗಾಜಿಗೆ ಅಂಟಿಕೊಂಡಿತ್ತು. ಎಳೆದರೆ ಮುಖಗಳೇ ಕಿತ್ತು ಬರುತ್ತವೆ. ಅದನ್ನು ಹಾಗೇ ಬಿಟ್ಟು, ಗಾಜಿನ ಸಮೇತ ಪ್ರತಿ ತೆಗೆದೆ. ಸಾಲುಮನೆಯ ಮುಂದೆ ಐದು ಜನ: ತಲೆಗೆ ಮಂಡೆಪಟ್ಟು ಬಟ್ಟೆ ಕಟ್ಟಿದ ಮೂವರು ಹೆಂಗಸರು, ಬಿಳಿ ಮುಂಡಾಸಿನ ಒಬ್ಬ ಗಂಡಸು, ಅಲುಗಾಡಿ ಮಸುಕಾದ ಒಂದು ಮಗು. ಹಿಂದುಗಡೆ ಸ್ಟುಡಿಯೋದ ಮುದ್ರೆ ಬಿಟ್ಟರೆ ಒಂದಕ್ಷರವಿಲ್ಲ. ಹುಡುಗನಿಗೆ ಗೊತ್ತಿದ್ದದ್ದು ಒಬ್ಬರ ಹೆಸರು.

ಅದೇ ವಾರ ಒಂದು ರೆಸಾರ್ಟಿನಿಂದ ಹನ್ನೆರಡು ಹಳೆಯ ಚಿತ್ರಗಳ ಆರ್ಡರ್ ಬಂದಿತ್ತು. ಅವುಗಳಲ್ಲಿ 1874ರ ಸಿಮ್ಸ್ ಪಾರ್ಕಿಗೆ ಹೆಸರುಂಟು. ಮೇಟುಪಾಳ್ಯದಿಂದ 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ಹತ್ತಿದ ಹಲ್ಲುಹಳಿಯ ರೈಲಿಗೆ ಹೆಸರುಂಟು. ಚಹಾ ಬಿಡಿಸುವ ಹೆಂಗಸರ ಚಿತ್ರದ ಕೆಳಗೆ ಮಾತ್ರ ‘ಕೂಲಿಗಳು’ ಎಂದಷ್ಟೇ ಇತ್ತು. ಅದಕ್ಕೆ ಕಟ್ಟು ಹಾಕುವಾಗ ನನಗೆ ಬಹಳ ಸಂಕಟವಾಯಿತು.

ಜನರನ್ನು ಹೆಸರಿಲ್ಲದೆ ಬಿಡುವ ಈ ರೋಗ ಹಳೆಯದು. ನೀಲಗಿರಿಯ ಮೊದಲ ಕಮಿಷನರ್ ಬ್ರೀಕ್ಸ್ ಇಲ್ಲಿನ ಜನರ ಬಗ್ಗೆ ಬರೆದ ಪುಸ್ತಕ ಅವರು ತೀರಿಕೊಂಡ ಮೇಲೆ, 1873ರಲ್ಲಿ, ಫೋಟೋಗಳ ಸಮೇತ ಹೊರಬಂತು. ಊಟಿಯಲ್ಲಿ ದಶಕಗಳ ಕಾಲ ಸ್ಟುಡಿಯೋ ನಡೆಸಿದ ಎ.ಟಿ.ಡಬ್ಲ್ಯು. ಪೆನ್ ತೆಗೆದ ಚಿತ್ರಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ. ಆದರೆ ಆ ಕಾಲದ ಚಿತ್ರಗಳಲ್ಲಿ ನಮ್ಮವರು ಹೆಚ್ಚಾಗಿ ‘ತೋಡರು’, ‘ಕೋತರು’, ‘ಬಡಗರು’ ಅಷ್ಟೇ. ಪೆನ್ ಅವರ ಮರಿಮಗ ಮುತ್ತಜ್ಜನ ಜಾಡು ಹಿಡಿದು ಪುಸ್ತಕ ಬರೆದರು. ಕ್ಯಾಮೆರಾದ ಮುಂದೆ ನಿಂತವರ ಮರಿಮಕ್ಕಳು ಇಲ್ಲೇ ಕೇತಿ, ಹುಬ್ಬತಲೆ, ಕೋತಗಿರಿಗಳಲ್ಲಿದ್ದಾರೆ. ಅವರನ್ನು ಯಾರೂ ಕೇಳಲಿಲ್ಲ.

ಕೇಳಿದರೆ ಹೇಳುತ್ತಾರೆ, ಬೇರೆ ಕಡೆ ಹಾಗಾಗಿದೆ. ಐರ್ಲೆಂಡಿನಲ್ಲಿ ಲಾರೆನ್ಸ್ ಎಂಬವರ ಸ್ಟುಡಿಯೋಕ್ಕಾಗಿ ರಾಬರ್ಟ್ ಫ್ರೆಂಚ್ ಊರೂರು ತಿರುಗಿ ಪೇಟೆ, ಸಂತೆ, ಹಳ್ಳಿಗಳ ಚಿತ್ರ ತೆಗೆದಿದ್ದರು. 1916ರ ದಂಗೆಯಲ್ಲಿ ಡಬ್ಲಿನ್ನಿನ ಆ ಸ್ಟುಡಿಯೋ ಸುಟ್ಟುಹೋಯಿತು. ಜನರ ಭಾವಚಿತ್ರಗಳ ಗಾಜಿನ ಪ್ಲೇಟುಗಳು ಬೂದಿಯಾದವು, ಬೇರೆ ಕಡೆ ಇಟ್ಟಿದ್ದ ಊರುಗಳ ಪ್ಲೇಟುಗಳು, ಸುಮಾರು 40,000, ಉಳಿದವು. ಅವನ್ನು ಕೊಂಡ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ 2011ರಿಂದ ಹಳೆಯ ಚಿತ್ರಗಳನ್ನು ಅಂತರ್ಜಾಲದಲ್ಲಿ ಜನರ ಮುಂದಿಡುತ್ತ ಬಂತು. ಇದು ಯಾವ ಬೀದಿ, ಅಂಗಡಿ ಯಾರದ್ದು ಎಂದು ಜನರೇ ಹುಡುಕಿ ಹೇಳತೊಡಗಿದರು.

ನಮ್ಮಲ್ಲಿ ಅದನ್ನು ಹಟ್ಟಿಯ ಜಗುಲಿಯ ಮೇಲೆ ಮಾಡಬೇಕು, ತಡವಿಲ್ಲದೆ ಮಾಡಬೇಕು. ಎಂಬತ್ತು ದಾಟಿದವರ ಕಣ್ಣು ಇನ್ನೆಷ್ಟು ದಿನ? ಕೂನೂರಿನ ಗ್ರಂಥಾಲಯದಲ್ಲಿ ಊರಿನ ಹಳೆಯ ಚಿತ್ರಗಳ ಪ್ರತಿ ಇರಬೇಕು, ಪಕ್ಕದಲ್ಲಿ ಹೆಸರು ಬರೆಯುವ ಪುಸ್ತಕವಿರಬೇಕು. ಮೈಸೂರು, ಚಾಮರಾಜನಗರದ ಓದುಗರಿಗೂ ಇದರಲ್ಲಿ ಪಾಲಿದೆ. ಬಾಸೆಲ್ ಮಿಷನ್‌ನವರು 1846ರಲ್ಲಿ ಕೇತಿಗೆ ಬಂದಾಗ ಶಾಲೆಯಲ್ಲಿ ಹೇಳಿಕೊಟ್ಟದ್ದು ಕನ್ನಡ. ಫೋಟೋದ ಹಿಂದೆ ಅಪರೂಪಕ್ಕೆ ಕನ್ನಡದ ನಾಲ್ಕು ಸಾಲು ಸಿಕ್ಕರೆ ಓದಿಸಲು ಜನ ನನ್ನ ಹತ್ತಿರ ಬರುತ್ತಾರೆ. ನೀಲಗಿರಿಯ ತೋಟಗಳಿಗೆ ದುಡಿಯಲು ಬಂದವರ ಚಿತ್ರಗಳು ನಿಮ್ಮ ಟ್ರಂಕುಗಳಲ್ಲೂ ಇರಬಹುದು, ತೆಗೆದು ನೋಡಿ. ಬರೆಯುವಾಗ ಮೆತ್ತನೆಯ ಪೆನ್ಸಿಲ್ ಹಿಡಿಯಿರಿ. ಬಾಲ್‌ಪೆನ್ನು ಒತ್ತಿದರೆ ಗುರುತು ಮುಖದ ಕಡೆ ಏಳುತ್ತದೆ.

ಕಟ್ಟು ತಂದಿದ್ದ ಹುಡುಗ ಮಾರನೆಯ ದಿನ ಅಜ್ಜಿಯನ್ನೇ ಕರೆತಂದ. ಅವರು ಕನ್ನಡಕ ಸರಿಮಾಡಿಕೊಂಡು ಗಾಜಿನ ಮೇಲೆ ಬೆರಳಿಟ್ಟರು. “ಇದು ಎಂಗ ಹೆತ್ತೆ.” ನಮ್ಮ ಅಜ್ಜಿ ಎಂದರ್ಥ. ಬೆರಳು ಸರಿಯಿತು. ತಾಯಿ, ಮಾವ. ಮಸುಕಾದ ಮಗುವಿನ ಮೇಲೆ ಬೆರಳು ಬಹಳ ಹೊತ್ತು ನಿಂತಿತು: ಅವರ ಅಣ್ಣ, ಶಾಲೆಗೆ ಹೋಗುವ ಮೊದಲೇ ಜ್ವರದಲ್ಲಿ ತೀರಿಕೊಂಡವನು. ಮನೆಯಲ್ಲಿ ಅವನ ಬೇರೆ ಚಿತ್ರವಿಲ್ಲ. ಅವನ ಹೆಸರನ್ನು ಮೊಮ್ಮಗ ಕೇಳಿದ್ದು ಅಂದೇ ಮೊದಲು.

ಹೊಸ ಪ್ರತಿಯ ಹಿಂದೆ ನಾಲ್ಕು ಹೆಸರು ಬರೆದೆ. ಬಲತುದಿಯ ಹೆಂಗಸು ಯಾರೆಂದು ಅಜ್ಜಿಗೆ ನೆನಪಾಗಲಿಲ್ಲ. ಅಜ್ಜಿಯ ಜೊತೆಯಲ್ಲಿ ಬೆಳೆದು ಮೇಲೂರಿಗೆ ಮದುವೆಯಾಗಿ ಹೋದ ಒಬ್ಬರು ಇನ್ನೂ ಇದ್ದಾರಂತೆ. ಐದನೆಯ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಈ ಭಾನುವಾರ ಅಂಗಡಿ ಮುಚ್ಚಿ, ಹುಡುಗನ ಜೊತೆ ಮೇಲೂರಿಗೆ ಹೋಗುತ್ತೇನೆ.