ಪ್ರಮಾಣಪತ್ರ ಸಿಕ್ಕಿತು, ಪಾಠ ನೋಡಿದವರು ಯಾರು?

ಕೆಲಸದಲ್ಲಿರುವವರಿಗೆ ಕೊಡುವ ತರಬೇತಿ ಆನ್‌ಲೈನ್‌ನಲ್ಲಿ ಇರಬೇಕೋ ಮುಖಾಮುಖಿಯಾಗಿ ಇರಬೇಕೋ ಎಂಬ ವಿಷಯ ಬಂದರೆ ನಮ್ಮ ತರಗತಿ ಕೂಡಲೇ ಎರಡು ಪಾಲಾಗುತ್ತದೆ. ಒಂದು ಪಾಲು ಕಾಲ ಬದಲಾಗಿದೆ, ಮೊಬೈಲಿನಲ್ಲೇ ಎಲ್ಲ ಆಗುತ್ತದೆ ಎನ್ನುತ್ತದೆ. ಇನ್ನೊಂದು ಪಾಲು ಗುರುವಿನ ಎದುರು ಕೂತು ಕಲಿತದ್ದೇ ವಿದ್ಯೆ ಎನ್ನುತ್ತದೆ. ಎರಡೂ ಕಡೆಯವರ ಮಾತು ನನಗೆ ಅರ್ಧಕ್ಕೆ ನಿಂತಂತೆ ಕಾಣುತ್ತದೆ. ತರಬೇತಿ ಪರದೆಯಲ್ಲಿತ್ತೋ ಕೋಣೆಯಲ್ಲಿತ್ತೋ ಎನ್ನುವುದಕ್ಕಿಂತ, ಅದು ಮುಗಿದ ಮೇಲೆ ನಾವು ಮಾಡುವ ಕೆಲಸವನ್ನು ಯಾರಾದರೂ ಬಂದು ನೋಡುತ್ತಾರೆಯೇ ಎನ್ನುವುದು ದೊಡ್ಡ ಪ್ರಶ್ನೆ ಎಂದು ನನ್ನ ಅಭಿಪ್ರಾಯ.

ಈ ಅಭಿಪ್ರಾಯ ಬಂದದ್ದು ಶಿಕ್ಷಣಶಾಸ್ತ್ರದ ಪುಸ್ತಕದಿಂದಲ್ಲ. ಬಿ.ಎಸ್ಸಿ. ಮುಗಿಸಿ ಬಿ.ಇಡಿ.ಗೆ ಸೇರುವ ಮೊದಲು ಎರಡು ವರ್ಷ ಒಂದು ಔಷಧ ಕಾರ್ಖಾನೆಯ ಗುಣಮಟ್ಟ ನಿಯಂತ್ರಣ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದೇನೆ. ಸಿ.ಬಿ.ಝಡ್. ಓದಿದವರಲ್ಲಿ ಎಷ್ಟೋ ಜನ ಜಿಗಣಿ, ನಂಜನಗೂಡು, ಬೀದರ್ ಕಡೆಯ ಇಂಥ ಕಾರ್ಖಾನೆಗಳಿಗೆ ಹೋಗುವುದು ನಿಮಗೆ ಗೊತ್ತೇ ಇದೆ. ಅಲ್ಲಿ ಮೊದಲ ವಾರ ಪೂರ್ತಿ ಕಂಪ್ಯೂಟರಿನ ಮುಂದೆ ಕಳೆಯುತ್ತದೆ. ಕೈಗವಸು ಹಾಕುವ ಕ್ರಮ, ಅಂಕಿ ಬರೆಯುವ ಕ್ರಮ, ತಿದ್ದಬೇಕಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಮತ್ತು ತಾರೀಖು ಹಾಕುವ ಕ್ರಮ, ಹೀಗೆ ಒಂದೊಂದು ವಿಷಯಕ್ಕೂ ಒಂದೊಂದು ಘಟಕ. ಓದಿ, ಕೊನೆಯಲ್ಲಿ ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ಆ ಘಟಕ ಹಸಿರು ಬಣ್ಣಕ್ಕೆ ತಿರುಗುತ್ತದೆ. ಔಷಧ ನಿಯಮಗಳ ಷೆಡ್ಯೂಲ್ ಎಂ ಪ್ರಕಾರ ಸಿಬ್ಬಂದಿಗೆ ತರಬೇತಿ ಕೊಡಲೇಬೇಕು, ಅದರ ದಾಖಲೆಯೂ ಇರಬೇಕು. ಪರಿಶೀಲನೆಗೆ ಬಂದವರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ಆದ್ದರಿಂದ ಆ ಹಸಿರು ಬಣ್ಣಕ್ಕೆ ಕಾರ್ಖಾನೆಯಲ್ಲಿ ಬೆಲೆ ಇದೆ.

ಆದರೆ ಎಲ್ಲ ಘಟಕಗಳೂ ಹಸಿರಾದವರ ಕೈಗೆ ಮರುದಿನವೇ ಮಾತ್ರೆಯ ಮಾದರಿ ಕೊಡುವುದಿಲ್ಲ. ಆಗಲೇ ಅರ್ಹತೆ ಪಡೆದ ಹಿರಿಯ ವಿಶ್ಲೇಷಕರೊಬ್ಬರು ಪರೀಕ್ಷಿಸಿದ ಮಾದರಿಯನ್ನೇ ಹೊಸಬರೂ ಪರೀಕ್ಷಿಸಬೇಕು. ಇಬ್ಬರ ಫಲಿತಾಂಶ ನಿಗದಿತ ಮಿತಿಯೊಳಗೆ ಹೊಂದಬೇಕು. ಹೊಂದುವವರೆಗೆ ನಮ್ಮ ಸಹಿಗೆ ಬೆಲೆ ಇಲ್ಲ. ಆ ದಿನಗಳಲ್ಲಿ ಹಿರಿಯರೊಬ್ಬರು ನನ್ನ ಎಡಗಡೆ ನಿಂತಿರುತ್ತಿದ್ದರು. ಬ್ಯುರೆಟ್ಟಿನ ತುದಿಯಲ್ಲಿ ಗಾಳಿಗುಳ್ಳೆ ಉಳಿಯಬಾರದು, ಶಂಕುವಿನಾಕಾರದ ಪ್ಲಾಸ್ಕಿನ ಕೆಳಗೆ ಬಿಳಿ ಕಾಗದ ಇರಬೇಕು, ಇವೆಲ್ಲ ಘಟಕದಲ್ಲೂ ಬರೆದಿತ್ತು. ಬರೆಯದೆ ಇದ್ದದ್ದು ಇದು: ಫಿನಾಲ್ಫ್ಥಲೀನ್ ಹಾಕಿದ ದ್ರಾವಣದಲ್ಲಿ ಪ್ರತ್ಯಾಮ್ಲದ ಹನಿ ಬಿದ್ದಲ್ಲಿ ಮೂಡುವ ಗುಲಾಬಿ ಮೊದಮೊದಲು ತಕ್ಷಣ ಮಾಯವಾಗುತ್ತದೆ, ಅಂತಿಮ ಬಿಂದು ಹತ್ತಿರ ಬಂದಂತೆ ಮಾಯವಾಗಲು ಹೊತ್ತು ತೆಗೆದುಕೊಳ್ಳುತ್ತದೆ, ಆ ತಡವನ್ನು ಕಣ್ಣು ಗುರುತಿಸಿದ ಕೂಡಲೇ ಎಡಗೈ ನಲ್ಲಿಯನ್ನು ಬಿಗಿ ಮಾಡಬೇಕು. ಅವರು ಇದನ್ನು ವಿವರಿಸಲೂ ಇಲ್ಲ. "ಈಗ ನೋಡು, ಸೋಮಾರಿಯಾಯ್ತು" ಅಂದರು, ಅಷ್ಟೇ. ಇವತ್ತಿಗೂ ಬಣ್ಣ ಸೋಮಾರಿಯಾಗುವ ಆ ಕ್ಷಣ ನನಗೆ ಗೊತ್ತಾಗುತ್ತದೆ.

ಅಂದರೆ ಕಾರ್ಖಾನೆ ಎರಡನ್ನೂ ಇಟ್ಟುಕೊಂಡಿತ್ತು. ಎಲ್ಲರಿಗೂ ಒಂದೇ ರೀತಿ ತಿಳಿಯಬೇಕಾದ್ದನ್ನು ಪರದೆಗೆ ಬಿಟ್ಟಿತ್ತು. ಕೈಗೆ ಬರಬೇಕಾದ್ದನ್ನು ಇನ್ನೊಬ್ಬರ ಕಣ್ಣೆದುರು ಮಾಡಿಸಿ ನೋಡುತ್ತಿತ್ತು. ಒಂದು ಮಾತ್ರೆಯ ವಿಷಯದಲ್ಲಿ ಇಷ್ಟು ಎಚ್ಚರ ಇರುವಾಗ 40 ಮಕ್ಕಳ ತರಗತಿಯ ವಿಷಯದಲ್ಲಿ ಎಷ್ಟಿದೆ ಎಂದು ನೋಡಲು ಹೊರಟರೆ ನನಗೆ ಕಸಿವಿಸಿಯಾಗುತ್ತದೆ.

ಶಿಕ್ಷಕರ ಸೇವಾನಿರತ ತರಬೇತಿ ಈಗ ಹೆಚ್ಚಾಗಿ ಎತ್ತ ಸಾಗಿದೆ ಎಂಬುದು ತಿಳಿದದ್ದೇ. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ನಿಷ್ಠಾ ಕಾರ್ಯಕ್ರಮ ಆರಂಭಿಸಿದಾಗ ಅದು ಮುಖಾಮುಖಿ ತರಬೇತಿಯಾಗಿತ್ತು. ಕೋವಿಡ್ ಬಂದ ಮೇಲೆ, 2020ರ ಅಕ್ಟೋಬರ್‌ನಿಂದ, ಅದನ್ನು ದೀಕ್ಷಾ ವೇದಿಕೆಯಲ್ಲಿ 18 ಕೋರ್ಸುಗಳಾಗಿ ಆನ್‌ಲೈನ್‌ಗೆ ತಂದರು. ಅದೇ ವರ್ಷ ಬಂದ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆಯ ತರಬೇತಿ ಪಡೆಯಬೇಕೆಂದು ಹೇಳುತ್ತದೆ. ಇದು ನಮ್ಮ ಬ್ಯಾಚಿಗೆ ದೂರದ ಮಾತಲ್ಲ. ನಾವು 30 ವರ್ಷ ಸೇವೆ ಮಾಡಿದರೆ 1500 ಗಂಟೆ. ಬಿ.ಇಡಿ.ಯ ಒಂದು ಇಡೀ ವರ್ಷಕ್ಕಿಂತ ಹೆಚ್ಚೇ ಆಗುವ ಈ ಹೊತ್ತನ್ನು ನಾವು ಹೇಗೆ ಕಳೆಯುತ್ತೇವೆ ಎಂಬುದನ್ನು ಕೆಲಸ ಸಿಗುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಆನ್‌ಲೈನ್ ತರಬೇತಿಯನ್ನು ಹಳಿಯುವುದು ಸುಲಭ. ಶಿಕ್ಷಕರ ಕೋಣೆಗಳಲ್ಲಿ ಅದರ ಬಗ್ಗೆ ಹಾಸ್ಯಕ್ಕೂ ಕೊರತೆ ಇಲ್ಲ. ವಿಡಿಯೊ ಒಂದು ಕಡೆ ಓಡುತ್ತಿರುತ್ತದೆ, ಇನ್ನೊಂದು ಕಡೆ ಅಂಕಪಟ್ಟಿ ತುಂಬುವ ಕೆಲಸ ನಡೆಯುತ್ತಿರುತ್ತದೆ, ಪ್ರಶ್ನೆಗಳ ಉತ್ತರ ಯಾವುದೋ ಗುಂಪಿನಿಂದ ಬಂದಿರುತ್ತದೆ. ಇದು ನಡೆಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಇಂಟರ್ನ್‌ಶಿಪ್ ನಡೆದ ಪ್ರೌಢಶಾಲೆಯಲ್ಲಿ ಮೂರು ವರ್ಷದ ಮಗುವಿರುವ ಒಬ್ಬ ಶಿಕ್ಷಕಿ ಇದ್ದರು. ಮುಂಚೆ ಜಿಲ್ಲಾ ಕೇಂದ್ರದಲ್ಲಿ ಐದು ದಿನದ ತರಬೇತಿ ಎಂದರೆ ಬೆಳಿಗ್ಗೆ ಆರಕ್ಕೆ ಬಸ್ಸು, ರಾತ್ರಿ ಎಂಟಕ್ಕೆ ಮನೆ. ಈಗ ಮಗು ಮಲಗಿದ ಮೇಲೆ ನೋಡುತ್ತೇನೆ, ಅರ್ಥವಾಗದಿದ್ದರೆ ಹಿಂದಕ್ಕೆ ಎಳೆದು ಮತ್ತೆ ನೋಡುತ್ತೇನೆ, ಸಂಪನ್ಮೂಲ ವ್ಯಕ್ತಿಯನ್ನು ಎರಡು ಸಲ ಕೇಳಲು ನನಗೆ ಸಂಕೋಚವಾಗುತ್ತಿತ್ತು ಎಂದರು. ಇಬ್ಬರೇ ಶಿಕ್ಷಕರಿರುವ ಶಾಲೆಗಳ ಕಷ್ಟವನ್ನೂ ನೆನೆಯಬೇಕು. ಒಬ್ಬರು ತರಬೇತಿಗೆ ಹೋದರೆ ಇನ್ನೊಬ್ಬರು ಐದೂ ತರಗತಿಗಳನ್ನು ಒಂದೇ ಹಜಾರದಲ್ಲಿ ಕೂರಿಸಿಕೊಳ್ಳುತ್ತಾರೆ. ಆ ವಾರ ಮಕ್ಕಳು ಕಳೆದುಕೊಂಡ ಪಾಠ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಮುಖಾಮುಖಿ ತರಬೇತಿಯೂ ಅದನ್ನು ಹೊಗಳುವವರು ಹೇಳುವಷ್ಟು ಚೆನ್ನಾಗಿ ನಡೆದುಕೊಂಡು ಬಂದಿಲ್ಲ. ರಾಜ್ಯಮಟ್ಟದಲ್ಲಿ ತರಬೇತಿ ಪಡೆದವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ಅವರು ಶಿಕ್ಷಕರಿಗೆ ಎಂದು ಇಳಿದು ಬರುವ ಪದ್ಧತಿಯಲ್ಲಿ ಮೇಲೆ ಗಟ್ಟಿಯಾಗಿದ್ದ ಹಾಲು ಕೆಳಗೆ ಬರುವಷ್ಟರಲ್ಲಿ ನೀರಾಗಿರುತ್ತದೆ. ಕೊನೆಯ ಹಂತಕ್ಕೆ ಉಳಿಯುವುದು ಸಹಿ, ಚಹಾ ಮತ್ತು ಕೈಪಿಡಿ. ಮೂಲ ತಜ್ಞರ ಮಾತನ್ನೇ ಗಡಿಭಾಗದ ಶಾಲೆಯ ಶಿಕ್ಷಕರಿಗೂ ನೇರ ತಲುಪಿಸುವ ಗುಣ ಪರದೆಗೆ ಇದೆ. ಅದನ್ನು ಒಪ್ಪದೆ ಮುಂದೆ ಹೋಗುವುದು ನ್ಯಾಯವಲ್ಲ.

ಹಾಗಿದ್ದರೆ ಎರಡರಲ್ಲೂ ಇಲ್ಲದ್ದು ಯಾವುದು? ನಮಗೆ ಅದು ಮೊದಲ ಸೆಮಿಸ್ಟರಿನಲ್ಲೇ ಗೊತ್ತಾಗಿದೆ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಅವರ ಸಂಗಡಿಗರು ರೂಪಿಸಿದ ಸೂಕ್ಷ್ಮಬೋಧನೆಯನ್ನು ನಾವು ಎಷ್ಟು ಗೊಣಗಿಕೊಂಡು ಮಾಡಿದ್ದೇವೆ! ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಮಾದರಿಯಲ್ಲಿ ಬೋಧನೆಗೆ 6 ನಿಮಿಷ, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮರುಹಿಮ್ಮಾಹಿತಿಗೆ 6, ಒಟ್ಟು 36 ನಿಮಿಷ. ಈ ಪಟ್ಟಿಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೇವೆಯೇ ಹೊರತು ಅದರಲ್ಲಿ ಅತಿ ಹೆಚ್ಚು ಹೊತ್ತು ಸಿಕ್ಕಿರುವುದು ಮರುಯೋಜನೆಗೆ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಪಾಠ ಮಾಡಿ, ಇನ್ನೊಬ್ಬರು ಕಂಡದ್ದನ್ನು ಕೇಳಿ, ಕೂತು ಯೋಚಿಸಿ, ಅದೇ ಪಾಠವನ್ನು ಇನ್ನೊಮ್ಮೆ ಮಾಡುವುದು. ಸೇವೆಗೆ ಸೇರಿದ ಮೇಲೆ ಈ ಎರಡನೆಯ ಪಾಠ ನಿಂತೇ ಹೋಗುತ್ತದೆ. ಆನ್‌ಲೈನ್ ಘಟಕದಲ್ಲಿ ವಿಡಿಯೊವನ್ನು ಎಷ್ಟು ಸಲವಾದರೂ ಮತ್ತೆ ನೋಡಬಹುದು, ಆದರೆ ಅಲ್ಲಿ ಪುನರಾವರ್ತನೆಯಾಗುವುದು ತಜ್ಞರ ಪಾಠ, ನಮ್ಮದಲ್ಲ. ಐದು ದಿನದ ಕಾರ್ಯಾಗಾರದಲ್ಲೂ ಗುಂಪು ಚಟುವಟಿಕೆ, ಚಾರ್ಟು, ಮಂಡನೆ ಎಲ್ಲ ಇರುತ್ತದೆ. ಆದರೆ ಶಿಕ್ಷಕರು ಹಿಂತಿರುಗಿ ಹೋಗಿ ತಮ್ಮ ಶಾಲೆಯಲ್ಲಿ ಏನು ಮಾಡಿದರು ಎಂದು ಆ ಸಂಪನ್ಮೂಲ ವ್ಯಕ್ತಿ ನೋಡುವುದು ಅಪರೂಪ.

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಹತ್ತನೆಯ ತರಗತಿಯ ಮೊದಲ ಅಧ್ಯಾಯದಲ್ಲೇ ಮೆಗ್ನೀಸಿಯಮ್ ಪಟ್ಟಿಯನ್ನು ಉರಿಸುವ ಚಟುವಟಿಕೆ ಇದೆ. ವಿಡಿಯೊಗಳಲ್ಲಿ ಪಟ್ಟಿ ಯಾವಾಗಲೂ ಮೊದಲ ಸಲಕ್ಕೇ ಹೊತ್ತಿಕೊಳ್ಳುತ್ತದೆ. ಶಾಲೆಯ ಬೀರುವಿನಲ್ಲಿ ಎರಡು ವರ್ಷ ಇದ್ದ ಪಟ್ಟಿಯ ಮೇಲೆ ಬೂದು ಪದರ ಕೂತಿರುತ್ತದೆ, ಅದನ್ನು ಮರಳು ಕಾಗದದಿಂದ ಹೊಳೆಯುವವರೆಗೆ ಉಜ್ಜಬೇಕು. ಇದು ಪಠ್ಯಪುಸ್ತಕದಲ್ಲೇ ಇದೆ. ಇಲ್ಲದಿರುವುದು ಬೇರೆ. ಕಿಟಕಿಯ ಗಾಜು ಒಡೆದಿರುವ ಕೋಣೆಯಲ್ಲಿ ಸ್ಪಿರಿಟ್ ದೀಪ ಎಲ್ಲಿಟ್ಟರೆ ಗಾಳಿಗೆ ಆರುವುದಿಲ್ಲ? ಶಿಕ್ಷಕರು ಮೇಜಿನ ಯಾವ ಬದಿಗೆ ನಿಂತರೆ ಕೊನೆಯ ಬೆಂಚಿಗೆ ಕಾಣುತ್ತದೆ? ಉರಿಯನ್ನು ನೇರವಾಗಿ ದಿಟ್ಟಿಸಬೇಡಿ ಎಂದು ಯಾವಾಗ ಹೇಳಬೇಕು? ತುಂಬ ಮೊದಲೇ ಹೇಳಿದರೆ ಮರೆತಿರುತ್ತಾರೆ, ಉರಿ ಹತ್ತಿದ ಮೇಲೆ ಹೇಳಿದರೆ ಆಗಲೇ ನೋಡಿರುತ್ತಾರೆ. ಬಿಳಿ ಬೂದಿಯನ್ನು ಗಡಿಯಾರ ಗಾಜಿನಲ್ಲಿ ಹಿಡಿಯುವ ಹೊತ್ತಿಗೆ ಮಕ್ಕಳ ಗಮನ ಬೆಳಕಿನಲ್ಲೇ ಉಳಿದಿರುತ್ತದೆ, ನಿಜವಾದ ಪಾಠ ಇರುವುದು ಆ ಬೂದಿಯಲ್ಲಿ. ಇದನ್ನೆಲ್ಲ ಹೇಳಬಲ್ಲವರು ಆ ಕೋಣೆಯ ಹಿಂದಿನ ಬೆಂಚಿನಲ್ಲಿ ಕೂತವರು ಮಾತ್ರ. ನನಗೆ ಹಾಗೆ ಹೇಳಿದವರು ಆ ಶಾಲೆಯ ವಿಜ್ಞಾನ ಶಿಕ್ಷಕರು. ಪಾಠ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬೂದಿ ನೋಡಿದ್ದು ಎಷ್ಟು ಮಕ್ಕಳು?" ಮರುದಿನ ಇನ್ನೊಂದು ವಿಭಾಗದಲ್ಲಿ ಗಡಿಯಾರ ಗಾಜನ್ನು ಬೆಂಚಿನಿಂದ ಬೆಂಚಿಗೆ ಕಳಿಸಿದೆ.

ಒಬ್ಬರು ನೋಡಿದರೆ ಸಾಲದು, ಕಂಡದ್ದನ್ನು ಹೇಳಬೇಕು ಎಂಬುದನ್ನೂ ಇಲ್ಲಿ ಸೇರಿಸಬೇಕು. ನಮ್ಮ ಸಹಪಾಠಿ ವೀಕ್ಷಣಾ ಪುಸ್ತಕಗಳನ್ನೇ ತೆರೆದು ನೋಡಿ. "ಪೀಠಿಕೆ ಚೆನ್ನಾಗಿತ್ತು, ಕಪ್ಪುಹಲಗೆಯ ಬಳಕೆ ಉತ್ತಮ, ಧ್ವನಿಯ ಏರಿಳಿತ ಇತ್ತು." ಹತ್ತು ಪಾಠಗಳಿಗೂ ಇದೇ ಮೂರು ವಾಕ್ಯ. ಪಾಠ ಇನ್ನೂ ಶುರುವಾಗುವ ಮೊದಲೇ ಧ್ವನಿಯ ಏರಿಳಿತವನ್ನು ಬರೆದು ಮುಗಿಸಿದವರೂ ನಮ್ಮಲ್ಲಿದ್ದಾರೆ. ಹೆಸರು ಬೇಡ. ಇಂಥ ಹಿಮ್ಮಾಹಿತಿಗಿಂತ ಯಂತ್ರ ಕೊಡುವ ಅಂಕವೇ ವಾಸಿ, ಕನಿಷ್ಠ ಅದು ಯಾವ ಪ್ರಶ್ನೆ ತಪ್ಪಾಯಿತೆಂದು ತೋರಿಸುತ್ತದೆ.

ನೋಡಿ ಕಲಿಯುವುದರಿಂದ ನಮ್ಮ ರಾಜ್ಯದಲ್ಲೇ ದೊಡ್ಡ ಕೆಲಸ ಆಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಆದೇಶದ ಕಾಗದದಿಂದ ಮಾತ್ರ ಹುಟ್ಟಿದ್ದಲ್ಲ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಯ ಶಾಲೆಗಳಲ್ಲಿ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಾರ್ಡು ಹಿಡಿದು ಕಲಿಯುವುದನ್ನು ಕಣ್ಣಾರೆ ಕಂಡು ಬಂದು, ತಮ್ಮ ಶಾಲೆಗೆ ಹೊಂದುವಂತೆ ಕಾರ್ಡುಗಳನ್ನು ತಾವೇ ಮಾಡಿಕೊಂಡರು. ಮುಂದೆ ಅದು ರಾಜ್ಯಕ್ಕೆಲ್ಲ ಹರಡಿತು. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಸೇರಿ ಒಂದು ಪಾಠ ಯೋಜಿಸಿ, ಒಬ್ಬರು ಬೋಧಿಸಿ, ಉಳಿದವರು ತರಗತಿಯಲ್ಲೇ ಕೂತು ಮಕ್ಕಳನ್ನು ಗಮನಿಸಿ ಆಮೇಲೆ ಚರ್ಚಿಸುವ ಪದ್ಧತಿ ಬಹಳ ಕಾಲದಿಂದ ಇದೆ. ಅಲ್ಲಿ ನೋಡುವವರ ಕಣ್ಣು ಶಿಕ್ಷಕರಿಗಿಂತ ಹೆಚ್ಚಾಗಿ ಮಕ್ಕಳ ಮೇಲಿರುತ್ತದೆ ಎನ್ನುವುದು ನನಗೆ ಇಷ್ಟವಾದ ವಿಷಯ.

ಹಾಗಾಗಿ ಆ 50 ಗಂಟೆಗಳನ್ನು ಹಂಚುವ ಕೆಲಸ ನನ್ನ ಕೈಲಿದ್ದರೆ, ಕೇಳಿ ತಿಳಿಯಬೇಕಾದ್ದನ್ನೆಲ್ಲ ಆನ್‌ಲೈನ್‌ಗೇ ಬಿಡುತ್ತೇನೆ. ಹೊಸ ಮೌಲ್ಯಮಾಪನ ನಿಯಮ, ಪೋಕ್ಸೊ ಕಾಯ್ದೆಯ ತಿಳಿವಳಿಕೆ, ವಿಷಯ ಜ್ಞಾನದ ಉಪನ್ಯಾಸ, ಇವುಗಳಿಗಾಗಿ ಯಾರನ್ನೂ ಬಸ್ಸು ಹತ್ತಿಸಬೇಕಿಲ್ಲ. ಮುಖಾಮುಖಿಯ ಗಂಟೆಗಳನ್ನು ಭಾಷಣಕ್ಕೆ ಕೊಡದೆ ಪಾಠಕ್ಕೆ ಕೊಡುತ್ತೇನೆ. ಕ್ಲಸ್ಟರ್ ಮಟ್ಟದಲ್ಲಿ ಶಿಕ್ಷಕರು ಸೇರುವ ಸಮಾಲೋಚನಾ ಸಭೆಗಳು ಹೇಗೂ ಇವೆ. ಅಂಕಿ ಅಂಶ ಕೇಳುವುದಕ್ಕೆ ಅವು ಮುಗಿದುಹೋಗುತ್ತವೆ. ಆ ಅಂಕಿ ಅಂಶವನ್ನು ಮೊಬೈಲಿನಲ್ಲಿ ಕಳಿಸಿ, ಸಭೆ ಸೇರಿದ ಶಾಲೆಯಲ್ಲೇ ಒಬ್ಬರು ಮಕ್ಕಳಿಗೆ ಪಾಠ ಮಾಡಲಿ, ಉಳಿದವರು ಹಿಂದೆ ಕೂರಲಿ, ಮುಂದಿನ ತಿಂಗಳು ಅದೇ ಪಾಠ ಬದಲಾವಣೆಯೊಂದಿಗೆ ಇನ್ನೊಂದು ಶಾಲೆಯಲ್ಲಿ ನಡೆಯಲಿ.

ಇದಕ್ಕೆ ಬರುವ ಅಡ್ಡಿ ಹಣದ್ದಲ್ಲ, ಅಳುಕಿನದು. ಸೇವೆಗೆ ಸೇರಿ ಕೆಲವು ವರ್ಷ ಕಳೆದರೆ, ತರಗತಿಗೆ ಇನ್ನೊಬ್ಬರು ಬಂದರೆಂದರೆ ಅದು ತಪಾಸಣೆ ಎಂದೇ ಅರ್ಥ. ನಮಗಿನ್ನೂ ಹಾಗಾಗಿಲ್ಲ. ಇಂಟರ್ನ್‌ಶಿಪ್ಪಿನ 20 ವಾರಗಳಲ್ಲಿ ಉಪನ್ಯಾಸಕರು, ಮಾರ್ಗದರ್ಶಿ ಶಿಕ್ಷಕರು, ಸಹಪಾಠಿಗಳು ಹೀಗೆ ಯಾರಾದರೊಬ್ಬರು ನಮ್ಮ ಹಿಂದಿನ ಬೆಂಚಿನಲ್ಲಿ ಇದ್ದೇ ಇರುತ್ತಾರೆ. ನಮ್ಮಲ್ಲಿ ನಾಲ್ವರು ಒಂದೇ ತಾಲ್ಲೂಕಿಗೆ ನೇಮಕವಾದರೆ, ಯಾವ ಸುತ್ತೋಲೆಗೂ ಕಾಯದೆ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಒಬ್ಬರ ಪಾಠಕ್ಕೆ ಇನ್ನೊಬ್ಬರು ಹೋಗಿ ಕೂರಬಹುದು. ವೀಕ್ಷಣಾ ಪುಸ್ತಕ ಬೇಕಿಲ್ಲ. ಬೂದಿ ಎಷ್ಟು ಮಕ್ಕಳಿಗೆ ಕಂಡಿತು ಎಂದು ಎಣಿಸಿಕೊಂಡು ಬಂದರೆ ಆಯಿತು.