ಬಿಟ್‌ಕಾಯಿನ್ನೂ ಬೀಗದ ಕೈಯೂ

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದಲ್ಲಿ ಮಾರಮ್ಮನ ಜಾತ್ರೆ ನೆರೆದಾಗ ಜನ ಬಸ್ಸಿಗಾಗಿ ಹೇಗೆ ಕಾದು ನಿಲ್ಲುವರೆಂಬುದನ್ನು ಆ ಸೀಮೆಯ ವಿದ್ಯಾರ್ಥಿಗಳಿಗೆ ನಾವು ಹೇಳಬೇಕಾಗಿಲ್ಲ. ಅಲ್ಲಿ ಅಪರಿಚಿತನೊಬ್ಬನು ಬಂದು, “ನಿಮ್ಮ ಮನೆಯ ಬೀಗದ ಕೈ ಕೊಡಿರಿ, ಮುಂದಿನ ಬಸ್ಸನ್ನು ಈಗಲೇ ಬರಿಸುವೆನು” ಎಂದರೆ ಕೊಡುವವರುಂಟೆ? ಆದರೆ ಇಂಥದೇ ಮಾತು ಮೊಬೈಲಿನಲ್ಲಿ ಕಂಡಾಗ ಓದುಬರಹ ಬಲ್ಲವರೂ ಮೋಸಹೋಗುತ್ತಾರೆ. ಬಿಟ್‌ಕಾಯಿನ್ ವ್ಯವಹಾರವನ್ನು ಕ್ಷಣಮಾತ್ರದಲ್ಲಿ ಮುಗಿಸಿಕೊಡುವೆವೆಂಬ ‘ವೇಗವರ್ಧಕ’ ಸಾಫ್ಟ್‌ವೇರುಗಳ ಸಂಗತಿ ಇದು.

ವಿಳಂಬವೇಕೆ? 2009ರಲ್ಲಿ ಆರಂಭವಾದ ಬಿಟ್‌ಕಾಯಿನ್ ಜಾಲಕ್ಕೆ ಒಡೆಯನಿಲ್ಲ. ಸಾವಿರಾರು ಕಂಪ್ಯೂಟರುಗಳು ಒಂದೇ ಲೆಕ್ಕದ ಪುಸ್ತಕದ ಪ್ರತಿಗಳನ್ನು ಇಟ್ಟುಕೊಂಡಿವೆ. ಅದಕ್ಕೆ ಸರಾಸರಿ 10 ನಿಮಿಷಕ್ಕೊಂದು ಹೊಸ ಪುಟ, ಎಂದರೆ ‘ಬ್ಲಾಕ್’, ಸೇರುತ್ತದೆ. ಒಂದು ಪುಟದಲ್ಲಿ ಕೆಲವು ಸಾವಿರ ವ್ಯವಹಾರಗಳಿಗೆ ಮಾತ್ರ ಎಡೆ. ಪುಟ ಸೇರಿಸುವ ‘ಮೈನರ್’ಗಳು ಸಾಮಾನ್ಯವಾಗಿ ಹೆಚ್ಚು ಶುಲ್ಕ ತೆರುವವರನ್ನು ಮೊದಲು ಆರಿಸುವರು; ಉಳಿದವರು ಕಾಯಬೇಕು. 2017ರ ಡಿಸೆಂಬರಿನಲ್ಲಿ ಈ ಸಾಲು ಎಷ್ಟು ಬೆಳೆಯಿತೆಂದರೆ, ಒಂದು ವ್ಯವಹಾರದ ಸರಾಸರಿ ಶುಲ್ಕವೇ 50 ಡಾಲರನ್ನು ಮೀರಿತು. ಯಂತ್ರಗಳು ವೇಗಗೊಂಡರೂ ಪುಟಗಳ ಗತಿ ಬಹುಕಾಲ ಹೆಚ್ಚದು. ಪ್ರತಿ 2016 ಬ್ಲಾಕುಗಳಿಗೊಮ್ಮೆ ಗಣಿತದ ಕಷ್ಟವನ್ನು ಮರುಹೊಂದಿಸಿ ಜಾಲವು ಆ 10 ನಿಮಿಷವನ್ನೇ ಕಾಯ್ದುಕೊಳ್ಳುತ್ತದೆ.

ಹೀಗಿರುವಲ್ಲಿ ಅವಸರವುಳ್ಳವನಿಗೆ ನ್ಯಾಯವಾದ ಮಾರ್ಗಗಳು ಕೆಲವೇ. ತನ್ನ ವ್ಯಾಲೆಟ್ಟಿನಿಂದಲೇ ಹೆಚ್ಚಿನ ಶುಲ್ಕವಿತ್ತು ವ್ಯವಹಾರವನ್ನು ಮತ್ತೆ ಕಳುಹಬಹುದು. ಮೈನರ್‌ಗಳ ಕೆಲವು ಕೂಟಗಳು ಪ್ರತ್ಯೇಕ ಹಣ ಪಡೆದು ಆದ್ಯತೆ ನೀಡುವುದೂ ಉಂಟು. ಆದರೆ ಅದಕ್ಕೆ ಬೇಕಾದುದು ಎಲ್ಲರಿಗೂ ಕಾಣುವ ವ್ಯವಹಾರದ ಸಂಖ್ಯೆಯೇ ಹೊರತು ಗುಪ್ತ ಕೀಲಿಯಲ್ಲ. ಇವು ಸಾಲಿನಲ್ಲಿ ಸ್ಥಾನವನ್ನು ಬದಲಿಸುವುವು, ಬಸ್ಸಿನ ವೇಗವನ್ನಲ್ಲ.

ವಂಚಕ ಸಾಫ್ಟ್‌ವೇರು ಕೇಳುವುದು ಆ ಕೀಲಿಯನ್ನೇ, ಅಥವಾ ಅದನ್ನು ಮರಳಿ ಪಡೆಯುವ 12 ಇಲ್ಲವೆ 24 ಪದಗಳನ್ನು. ಇನ್ನು ಕೆಲವು ಏನನ್ನೂ ಕೇಳದೆ ಯಂತ್ರದೊಳಗೆ ನೆಲೆಸಿ, ನಾವು ನಕಲಿಸಿಕೊಂಡ ವಿಳಾಸದ ಬದಲು ಕಳ್ಳನ ವಿಳಾಸವನ್ನಿಡುತ್ತವೆ. ಕೀಲಿಯುಳ್ಳವನೇ ಹಣದ ಒಡೆಯ. ಪುಟ ಸೇರಿದ ಮೇಲೆ ಅದನ್ನು ಹಿಂದಿರುಗಿಸಬಲ್ಲ ಬ್ಯಾಂಕಾಗಲಿ ಅಧಿಕಾರಿಯಾಗಲಿ ಆ ಜಾಲದಲ್ಲಿಲ್ಲ.

ದುರಾಸೆಗೆ ಇದು ತಕ್ಕ ಶಾಸ್ತಿಯೆಂದು ಕೆಲವರು ಹೇಳುವರು. ನಾವು ಒಪ್ಪಲಾರೆವು. ಕಳುಹಿದ ಹಣ ತಲಪಲಿಲ್ಲವೆಂದು ತಳಮಳಿಸುವುದು ದುರಾಸೆಯಲ್ಲ. ವಂಚಕನು ಹೊಂಚುವುದು ಆ ತಳಮಳದ ಗಳಿಗೆಗೇ. ಬಿಟ್‌ಕಾಯಿನ್ ಕೊಳ್ಳಿರೆಂದು ನಾವು ಯಾರಿಗೂ ಹೇಳುವುದಿಲ್ಲ. ಆದರೆ ಅದರ ಯಂತ್ರರಚನೆ ಪ್ರತಿ ವಿದ್ಯಾರ್ಥಿಗೂ ತಿಳಿದಿರಬೇಕು. ಕೆಲಸ ಹೇಗೆ ನಡೆಯುವುದೆಂದು ಬಲ್ಲವನು ಅದು ಹೇಗೆ ನಡೆಯಲಾರದೆಂಬುದನ್ನೂ ಬಲ್ಲನು. ಮೋಸವಾಗಿದ್ದರೆ ನಾಚಿ ಮುಚ್ಚಿಡದೆ ಮನೆಯ ಹಿರಿಯರಿಗೆ ತಿಳಿಸಿ, ಒಡನೆಯೇ 1930 ಸಂಖ್ಯೆಗೆ ದೂರು ಕೊಡಬೇಕು. ಕಾಯುವುದರಿಂದ ಹೋಗುವುದು ಕೆಲವು ಗಂಟೆ. ಕೀಲಿ ಕೊಟ್ಟರೆ ಹೋಗುವುದು ಕೂಡಿಟ್ಟುದೆಲ್ಲ.